ಗಟ್ಟಿ ಓದು

ನಲಿ-ಕಲಿ ತರಗತಿಯಲ್ಲಿ ಮೇಷ್ಟ್ರಿಗೆ ಕುರ್ಚಿ ಇರುವುದಿಲ್ಲ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಚಾಪೆಯ ಮೇಲೆ ಕೂತು, ಕಾರ್ಡು ಜೋಡಿಸುತ್ತ, ಹಾಡುತ್ತ ಕಲಿಯುವ ಪದ್ಧತಿ ಅದು. ಮೇಷ್ಟ್ರೂ ಅವರ ಜೊತೆ ನೆಲದ ಮೇಲೇ ಕೂರಬೇಕು. ತೊರೆಪಾಳ್ಯದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕ ಮೋಹನ್‌ಕುಮಾರನಿಗೆ ಈ ಕೆಲಸದಲ್ಲಿ ಎಲ್ಲವೂ ಬರುತ್ತಿತ್ತು, ಇದೊಂದು ಬಿಟ್ಟು. ಕೂರಲು ಬರುತ್ತಿತ್ತು, ಕೂತಿರುವುದನ್ನು ಯಾರಾದರೂ ನೋಡಿದರೆ ತಡೆದುಕೊಳ್ಳಲು ಬರುತ್ತಿರಲಿಲ್ಲ. ಕಿಟಕಿಯಾಚೆ ರಸ್ತೆಯಲ್ಲಿ ಬೈಕಿನ ಸದ್ದಾದರೆ ಸಾಕು, ದಡಕ್ಕನೆ ಎದ್ದು, ಗೋಡೆಯ ಸ್ವಿಚ್ ಬೋರ್ಡು ಪರೀಕ್ಷೆ ಮಾಡಲು ಬಂದವನ ಹಾಗೆ ನಿಂತುಬಿಡುತ್ತಿದ್ದ. ಬೈಕು ದಾಟಿದ ಮೇಲೆ ಮತ್ತೆ ಕೂರುತ್ತಿದ್ದ. ಮಕ್ಕಳಿಗೂ ಇದು ಅಭ್ಯಾಸವಾಗಿಹೋಗಿ, ಬೈಕಿನ ಸದ್ದು ಕೇಳಿದೊಡನೆ ತಾವೂ ಎದ್ದು ನಿಲ್ಲುತ್ತಿದ್ದವು. ಇದೂ ನಲಿ-ಕಲಿಯ ಒಂದು ಚಟುವಟಿಕೆ ಎಂದೇ ಅವು ತಿಳಿದಿದ್ದವು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ. ಇವನದು ಅದಕ್ಕಿಂತ ಒಂದು ಕೈ ಮೇಲು. ಯಾರೂ ಏನೂ ಅನ್ನದಿದ್ದರೂ ಹೆಗಲು ಒರೆಸಿಕೊಳ್ಳುತ್ತಿದ್ದ. ಕದ್ದದ್ದಾದರೂ ಏನು? ಮಕ್ಕಳಿಗೆ ಅಆಇಈ ಹೇಳಿಕೊಡುತ್ತಿದ್ದ, ಅಷ್ಟೆ.

ಅವನು ಈ ಚಾಪೆಯವರೆಗೆ ಬಂದ ದಾರಿಯೂ ನೆಟ್ಟಗಿನದಲ್ಲ. ಚೇಳೂರಿನ ಪುಟ್ಟರಂಗಯ್ಯನವರಿಗೆ ಇವನೊಬ್ಬನೇ ಮಗ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ಇದ್ದ ಮನೆ. ಮಗ ಮಣ್ಣು ಮುಟ್ಟದೆ ಮೇಲೆ ಬರಲಿ ಎಂದು ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿಸಿದರು. ಒದ್ದಾಡಿಕೊಂಡು ಪಾಸಾದ. ಅಲ್ಲೇ ಊರಂಚಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುವ ಕೆಲಸ ಸಿಕ್ಕಿತು. ಅಳತೆಗೆ ಬಾರದ ಬೋಲ್ಟನ್ನು ಎಸೆಯುವ ಬದಲು ಎಲ್ಲಿ ತಪ್ಪಾಯಿತೆಂದು ತಿರುಗಿಸಿ ತಿರುಗಿಸಿ ನೋಡುತ್ತ ಕೂರುತ್ತಿದ್ದನಂತೆ. ಸೂಪರ್‌ವೈಸರ್ ಮನೆಗೆ ಕಳಿಸಿದ. ಆಮೇಲೆ ಮೊಬೈಲ್ ಅಂಗಡಿ. ಅಲ್ಲಿ ಬರುವ ಮುದುಕರಿಗೆಲ್ಲ ಫೋನಿನಲ್ಲಿ ಹೆಸರು ಸೇವ್ ಮಾಡುವುದನ್ನು ಹೇಳಿಕೊಡುತ್ತ ವ್ಯಾಪಾರ ಮರೆತ. ಆಮೇಲೆ ಕೊರಿಯರ್. ಒಂದು ಮಧ್ಯಾಹ್ನ ಅಶೋಕನಗರದ ಯಾವುದೋ ಮನೆಯ ಮೆಟ್ಟಿಲ ಮೇಲೆ ಒಂದು ಹುಡುಗಿ ಕಳೆಯುವ ಲೆಕ್ಕ ಬಾರದೆ ಅಳುತ್ತಿತ್ತು. ಪಾರ್ಸೆಲ್ ಚೀಲ ಇಳಿಸಿ ಪಕ್ಕದಲ್ಲಿ ಕೂತ. ಹುಡುಗಿಗೆ ಲೆಕ್ಕ ಬಂತು, ಇವನ ಕೆಲಸ ಹೋಯಿತು.

ಆಗ ತಾಯಿ ದೊಡ್ಡಗಂಗಮ್ಮ ಒಂದು ಮಾತು ಹೇಳಿದರು. "ಹೋದ್ ಹೋದ್ ಕಡೆಯೆಲ್ಲ ಪಾಠ ಹೇಳ್ಕೊಟ್ಟೇ ಕೆಲ್ಸ ಕಳ್ಕಂತೀಯಲ್ಲಪ್ಪ. ಪಾಠ ಹೇಳೋದೇ ಕೆಲ್ಸ ಮಾಡ್ಕೋಬಾರ್ದಾ?" ಹೀಗೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವನು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಡಿ.ಎಡ್. ಸೇರಿದ. ತರಗತಿಯ ತುಂಬ ಆಗತಾನೆ ಪಿಯುಸಿ ಮುಗಿಸಿದ ಹುಡುಗಿಯರು. ಇವನನ್ನು ಮೊದಲ ದಿನ ಉಪನ್ಯಾಸಕರೆಂದು ತಿಳಿದು ಎದ್ದು ನಿಂತಿದ್ದರು. ಶಿಕ್ಷಕರ ಅರ್ಹತಾ ಪರೀಕ್ಷೆಯೂ ಆಯಿತು. ಸರ್ಕಾರಿ ನೇಮಕಾತಿ ಮಾತ್ರ ಇವತ್ತು ನಾಳೆ ಎನ್ನುತ್ತ ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಗುಬ್ಬಿ ತಾಲ್ಲೂಕಿನಲ್ಲೇ, ಬಿದರೆಹಳ್ಳ ಕಾವಲ್ ಆಚೆಯ ತೊರೆಪಾಳ್ಯಕ್ಕೆ ಅತಿಥಿ ಶಿಕ್ಷಕನಾಗಿ ಹೋದ. ಅತಿಥಿ ಶಿಕ್ಷಕರೆಂದರೆ ಖಾಲಿ ಹುದ್ದೆಗೆ ಆ ವರ್ಷದ ಮಟ್ಟಿಗೆ ಬರುವವರು. ಬೇಸಿಗೆ ರಜೆ ಬಂದರೆ ಕೆಲಸವೂ ಮುಗಿಯಿತು. ಅವರಿಗೆ ಕೊಡುವುದಕ್ಕೆ ಸಂಬಳ ಅನ್ನುವಂತಿಲ್ಲ, ಗೌರವಧನ ಅನ್ನಬೇಕು. ಗೌರವ ಹೆಸರಿನಲ್ಲಾದರೂ ಇರಲಿ ಎಂದು ಇಟ್ಟಿರಬೇಕು.

ಪುಟ್ಟರಂಗಯ್ಯನವರಿಗೆ ಇದು ನುಂಗಲಾಗದ ತುತ್ತಾಯಿತು. "ಮೇಷ್ಟ್ರಾದ್ರೂ ಸೈ, ಪರ್ಮನೆಂಟ್ ಆಗಿದ್ರೆ ತಲೆ ಎತ್ಕಂಡು ಹೇಳ್ತಿದ್ದೆ. ಅತಿಥಿ ಅಂತೆ. ನೆಂಟ್ರ ಮನೆಯಾಗೂ ಅತಿಥಿ ಮೂರ್ ದಿನಕ್ಕಿಂತ ಜಾಸ್ತಿ ಇರಂಗಿಲ್ಲ" ಎಂದರು.

ಸುಳ್ಳು ಹುಟ್ಟಿದ್ದು ಅಪ್ಪನ ಬಾಯಿಂದಲ್ಲ, ಮಗನ ಮೌನದಿಂದ. ಬೆಳಿಗ್ಗೆ ಚೇಳೂರಿನಿಂದ ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ತೋಟದ ಚೌಡಪ್ಪ ಕೇಳಿದ್ದರು, "ದಿನಾ ಎಲ್ಲಿಗ್ ಹೋಯ್ತೀಯಪ್ಪ?" ಎಂದು. ಮೋಹನ್‌ಕುಮಾರ "ಬಿದರೆಹಳ್ಳ ಕಾವಲ್ ಕಡೆ" ಎಂದ. ಕಾವಲ್ ಎಂದರೆ ಈಗ ಯಾರಿಗೂ ನೆನಪಾಗುವುದು ಅಲ್ಲಿನ ಹೆಲಿಕಾಪ್ಟರ್ ಕಾರ್ಖಾನೆಯೇ. ಅವನ ಕೊರಳಲ್ಲಿ ಸತ್ಯಮಂಗಲದ ಹಳೆಯ ಐಡಿ ಕಾರ್ಡು, ನೀಲಿ ಪಟ್ಟಿಯದು, ನೇತಾಡುತ್ತಿತ್ತು. ಬಸ್ ಪಾಸು ಇಡಲು ಅನುಕೂಲವೆಂದು ಹಾಕಿಕೊಂಡಿದ್ದ. ಚೌಡಪ್ಪ ಕಾರ್ಡು ನೋಡಿದರು, ಡಿಪ್ಲೊಮಾ ನೆನಪು ಮಾಡಿಕೊಂಡರು, "ಓಹೋ, ಫ್ಯಾಕ್ಟ್ರಿ ಸೇರ್ಕಂಡಾ" ಎಂದರು. ಅಲ್ಲ ಅನ್ನಲು ಒಂದು ಕ್ಷಣ ಸಾಕಿತ್ತು. ಅವನು ಕಿಟಕಿಯ ಕಡೆ ತಿರುಗಿದ. ಮಾರನೆಯ ದಿನದಿಂದ ಆ ಕಾರ್ಡು ಬಸ್ ಪಾಸಿಗಾಗಿ ಅಲ್ಲ, ಕಾರ್ಡಿಗಾಗಿಯೇ ಕೊರಳಿಗೆ ಬಂತು. ಗುಬ್ಬಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವ ಮೊದಲು ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಸಂಜೆ ಬರುವಾಗ ಮತ್ತೆ ಕೊರಳಿಗೆ.

ಅಪ್ಪ ಅದಕ್ಕೆ ಗೊಬ್ಬರ ಹಾಕಿ ಬೆಳೆಸಿದರು ಅಷ್ಟೆ. ಮೊದಲು ಬರೀ ಫ್ಯಾಕ್ಟರಿ ಕೆಲಸ ಇತ್ತು, ದಸರೆಯ ಹೊತ್ತಿಗೆ ಎಂಜಿನಿಯರ್ ಆಯಿತು. ಅದಕ್ಕೆ ಕಾರಣವೂ ಇತ್ತು. ಮಗನಿಗೆ ಮೂವತ್ತೊಂದು ದಾಟಿತ್ತು. ಆ ಸೀಮೆಯಲ್ಲಿ ತೋಟ ಎಷ್ಟಿದ್ದರೂ ಸಂಬಳದ ಗಂಡಿಗೇ ಹೆಣ್ಣು ಕೊಡುವುದು ಎಂಬಂತಾಗಿದೆ.

"ಹೆಣ್ಣಿನ್ ಮನೆಯೋರ್ಗೆ ಸುಳ್ಳ್ ಹೇಳ್ಬ್ಯಾಡಿ" ಎಂದರು ದೊಡ್ಡಗಂಗಮ್ಮ.

"ಸಾವ್ರ ಸುಳ್ಳ್ ಹೇಳಿ ಒಂದ್ ಮದ್ವೆ ಮಾಡು ಅಂತ ದೊಡ್ಡೋರೇ ಹೇಳವ್ರೆ. ನಾನ್ ಹೇಳಿರೋದು ಒಂದೇ. ಇನ್ನೂ ಒಂಬೈನೂರ ತೊಂಬತ್ತೊಂಬತ್ತು ಬಾಕಿ ಐತೆ" ಎಂದರು ಪುಟ್ಟರಂಗಯ್ಯ.

ಕುಣಿಗಲ್ ಕಡೆಯ ಬೆಟ್ಟಯ್ಯನವರ ಮಗಳು ಚೈತನ್ಯಳನ್ನು ನೋಡಲು ಹೋದದ್ದು ಹೀಗೆ. ಹುಡುಗಿ ಸಹಕಾರ ಸಂಘದಲ್ಲಿ ಕೆಲಸದಲ್ಲಿದ್ದಳು. ಮಾತು ಕಡಿಮೆ, ನೋಟ ನೇರ. ಮೋಹನ್‌ಕುಮಾರನಿಗೆ ಇಷ್ಟವಾದಳು, ಅವಳಿಗೂ ಅವನು ಬೇಡವೆನಿಸಲಿಲ್ಲ. ಉಪ್ಪಿಟ್ಟು ಕಾಫಿ ಆದ ಮೇಲೆ ಬೆಟ್ಟಯ್ಯ ಕೇಳಿದರು, "ನಿಮ್ ಕೈಕೆಳ್ಗೆ ಎಷ್ಟ್ ಜನ ಅವ್ರಪ್ಪ?"

ಮೋಹನ್‌ಕುಮಾರ ತಟ್ಟೆ ನೋಡುತ್ತ "ಇಪ್ಪತ್ತಾರು" ಎಂದ. ಸುಳ್ಳಲ್ಲ. ನಲಿ-ಕಲಿಯಲ್ಲಿ ಇಪ್ಪತ್ತಾರು ಮಕ್ಕಳಿದ್ದವು.

"ಎಲ್ಲ ಕೆಲ್ಸ ಗೊತ್ತಿರೋರಾ?"

"ಈಗ ಕಲೀತಾ ಅವ್ರೆ."

ಬೆಟ್ಟಯ್ಯ ಮೆಚ್ಚಿ ತಲೆಯಾಡಿಸಿದರು. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ದೊಡ್ಡ ಜವಾಬ್ದಾರಿ ಎಂದರು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಹಾಗೆ ಅವನು ಕೂತಿದ್ದ. ಬಾಗಿಲ ಮರೆಯಲ್ಲಿ ನಿಂತಿದ್ದ ಚೈತನ್ಯ ಸಣ್ಣಗೆ ನಕ್ಕಳು. ಆ ನಗು ಅವನನ್ನು ವಾರಗಟ್ಟಲೆ ಚುಚ್ಚಿತು.

ಶಾಲೆಯಲ್ಲಿ ಅವನು ಬೇರೆಯೇ ಮನುಷ್ಯ. ತೊರೆಪಾಳ್ಯದ್ದು ಇಬ್ಬರು ಶಿಕ್ಷಕರ ಶಾಲೆ. ಮುಖ್ಯ ಶಿಕ್ಷಕಿ ಸುಂದರಮ್ಮ ತುಮಕೂರಿನಿಂದ ರೈಲಿನಲ್ಲಿ ಗುಬ್ಬಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬರುತ್ತಿದ್ದರು. ನಿವೃತ್ತಿಗೆ ಹತ್ತಿರವಿದ್ದರು. ಬಂದುಹೋದ ಅತಿಥಿ ಶಿಕ್ಷಕರನ್ನು ಬೇಕಾದಷ್ಟು ನೋಡಿದ್ದರು. ಒಬ್ಬರು ಬೇರೆ ಪರೀಕ್ಷೆ ಪಾಸಾಗಿ ಹೋದರು, ಒಬ್ಬರು ಮದುವೆಯಾಗಿ ಹೋದರು, ಒಬ್ಬರು ಹೇಳದೆಯೇ ಹೋದರು. ಹೇಳಿ ಹೋದವರೆಲ್ಲ ಹೊರಡುವ ದಿನ ಮಕ್ಕಳಿಗೆ "ಹೋಗಿ ಬರ್ತೀನಿ" ಎಂದಿದ್ದರು. ದೊಡ್ಡವರಿಗೆ ಅದು ಹೊರಡುವಾಗ ಆಡುವ ಮಾತು. ಮಕ್ಕಳು ಬರುತ್ತಾರೆಂದು ಕಾದವು.

ಹೆಚ್ಚು ಕಾದದ್ದು ಇಂಪನಾ. ಎರಡನೇ ತರಗತಿಯ ಹುಡುಗಿ. ಹೆಸರು ಇಂಪನಾ ಆದರೂ ಅವಳ ದನಿ ಹೇಗಿದೆಯೆಂದೇ ಮೋಹನ್‌ಕುಮಾರನಿಗೆ ಬಹಳ ದಿನ ಗೊತ್ತಾಗಲಿಲ್ಲ. ಓದು ಎಂದರೆ ತುಟಿ ಬಿಗಿಹಿಡಿದು ಕೂರುತ್ತಿದ್ದಳು. ಇವನು ಕಾರ್ಡುಗಳನ್ನು ಪಕ್ಕಕ್ಕಿಟ್ಟ. ಹಾಲಿನ ಪುಡಿಯ ಪ್ಯಾಕೆಟ್ಟು, ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಸಿಮೆಂಟು ಜಾಹೀರಾತು, ಎಲ್ಲಿ ಅಕ್ಷರ ಕಂಡರೂ ಓದುವ ಆಟ ಕಟ್ಟಿದ. ಆಟಕ್ಕೆ ಒಂದೇ ನಿಯಮ. ಶುರು ಮಾಡಿದ ಸಾಲನ್ನು ಅರ್ಧಕ್ಕೆ ಬಿಡಬಾರದು. ತಪ್ಪಾದರೂ ಪರವಾಗಿಲ್ಲ, ಮುಗಿಸಬೇಕು. ಅಳತೆಗೆ ಬಾರದ ಬೋಲ್ಟನ್ನು ಎಸೆಯದೆ ತಿರುಗಿಸಿ ನೋಡುವ ಅವನ ಚಾಳಿಗೆ ಕೊನೆಗೂ ಒಂದು ಜಾಗ ಸಿಕ್ಕಿತ್ತು.

ಒಂದು ಮಧ್ಯಾಹ್ನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಇಂಪನಾ ಬಾಗಿಲ ಮೇಲಿನ ಬರಹ ನೋಡಿ "ಅ-ಡು-ಗೆ, ಅಡುಗೆ ಕೋಣೆ" ಎಂದಳು. ತುಸು ಒಡಕು ದನಿ. ಮೋಹನ್‌ಕುಮಾರ ಶಾಲೆಯ ಹಿಂದಕ್ಕೆ ಹೋಗಿ ಕಣ್ಣು ಒರೆಸಿಕೊಂಡ. ಆ ಸಂಜೆ ಮನೆಗೆ ಹೋಗಿ ಹೇಳಬೇಕೆನಿಸಿತು. ಆದರೆ ಅಪ್ಪ ಜಗುಲಿಯಲ್ಲಿ ಚೌಡಪ್ಪನಿಗೆ ಹೆಲಿಕಾಪ್ಟರಿನ ರೆಕ್ಕೆಯ ಉದ್ದ ಹೇಳುತ್ತ ಕೂತಿದ್ದರು. ಹೆಲಿಕಾಪ್ಟರ್ ಎಂಜಿನಿಯರು ಇಂಥ ಸಂತೋಷವನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಒಳಗೆ ಹೋಗಿ ಕೈಕಾಲು ತೊಳೆದುಕೊಂಡ.

ಜನವರಿಯಲ್ಲಿ ಕಲಿಕಾ ಹಬ್ಬ ಬಂತು. ಸುತ್ತಲಿನ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ ಕಥೆ, ಲೆಕ್ಕ, ಕೈಬರಹ ಎಂದು ಸ್ಪರ್ಧೆ ನಡೆಸುತ್ತಾರೆ. ಅದರಲ್ಲಿ ಗಟ್ಟಿ ಓದು ಎಂಬುದೂ ಒಂದು. ಕೊಟ್ಟ ಹಾಳೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಗುಬ್ಬಿಯ ಒಂದು ಶಾಲೆಯಲ್ಲಿ ಹಬ್ಬ. ಮೋಹನ್‌ಕುಮಾರ ಗಟ್ಟಿ ಓದಿಗೆ ಇಂಪನಾಳ ಹೆಸರು ಕೊಟ್ಟ. "ಧೈರ್ಯ ಮಾಡಿದ್ದೀರಿ" ಎಂದರು ಸುಂದರಮ್ಮ.

ಅದೇ ದಿನ ಮಧ್ಯಾಹ್ನದ ಮೇಲೆ ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ಜನಾಂಗದ ಸಂಘದ ಸಮಾರಂಭವೂ ಇತ್ತು. ಸಾಧಕರಿಗೆ ಸನ್ಮಾನ, ಜೊತೆಗೆ ವಧುವರರ ಪರಿಚಯ. ಬೆಟ್ಟಯ್ಯನವರೂ ಕುಣಿಗಲ್ಲಿನಿಂದ ಬರುವವರಿದ್ದರು. "ನಾಕ್ ಗಂಟೆಗ್ ಬಂದ್ಬುಡು. ಹೊಸ ಸರ್ಟು ಬ್ಯಾಗ್‌ನಾಗೆ ಇಟ್ಕಂಡ್ ಹೋಗು" ಎಂದಿದ್ದರು ಪುಟ್ಟರಂಗಯ್ಯ. ಮೋಹನ್‌ಕುಮಾರ ಶರ್ಟು ಇಟ್ಟುಕೊಂಡ. ಮಕ್ಕಳನ್ನು ಸುಂದರಮ್ಮನವರಿಗೆ ಒಪ್ಪಿಸಿ, ಎಲ್ಲಾದರೂ ಬಟ್ಟೆ ಬದಲಿಸಿ ಹೋಗುವುದೆಂದು ಲೆಕ್ಕ ಹಾಕಿದ. ಅಪ್ಪ ಸಮಾರಂಭಕ್ಕೆ ಇನ್ನೊಂದು ಏರ್ಪಾಡು ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ.

ಒಬ್ಬ ಹುಡುಗಿಯ ತಂದೆ ಚನ್ನೇಶ ತನ್ನ ಲಗೇಜ್ ಆಟೋ ತಂದ. ಹಿಂದೆ ಜಮಖಾನ ಹಾಸಿ ಒಂಬತ್ತು ಮಕ್ಕಳು, ಅವರ ನಡುವೆ ಮೋಹನ್‌ಕುಮಾರ. ಮುಂದೆ ಚನ್ನೇಶನ ಪಕ್ಕ ಸುಂದರಮ್ಮ. ದಾರಿಯುದ್ದಕ್ಕೂ ಓದುವ ಆಟ ನಡೆಯಿತು. ಬೇಕರಿ ಓದಿದರು, ಗೊಬ್ಬರದ ಅಂಗಡಿ ಓದಿದರು, ಕಣ್ಣಿನ ಆಸ್ಪತ್ರೆ ಓದಿದರು. ಎಲ್ಲರಿಗಿಂತ ಮೊದಲು ಇಂಪನಾ ಓದುತ್ತಿದ್ದಳು. ಗುಬ್ಬಿ ಬಸ್ ನಿಲ್ದಾಣದ ಮುಂದೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು, ಆಟೋ ನಿಂತಿತು.

"ನಮ್ ಸಾ" ಎಂದಿತು ಒಂದು ಮಗು.

ಎದುರಿಗೆ ಬಿದಿರು ಕಟ್ಟಿ ನಿಲ್ಲಿಸಿದ ದೊಡ್ಡ ಫ್ಲೆಕ್ಸು. ಅದರಲ್ಲಿ ಮೋಹನ್‌ಕುಮಾರನ ಮುಖ ಬಸ್ಸಿನ ಚಕ್ರಕ್ಕಿಂತ ದೊಡ್ಡದಾಗಿತ್ತು. ಡಿಪ್ಲೊಮಾ ಮುಗಿಸಿದಾಗ ತೆಗೆಸಿದ ಫೋಟೋ. ಹಿಂದೆ ಮೋಡ, ಮೋಡದಲ್ಲಿ ಎಲ್ಲಿಂದಲೋ ತಂದು ಅಂಟಿಸಿದ ಹೆಲಿಕಾಪ್ಟರು. ಕೆಳಗೆ ಮೂಲೆಯಲ್ಲಿ ಶುಭ ಕೋರುವವರು ಎಂದು ಪೇಟ ಸುತ್ತಿದ ಪುಟ್ಟರಂಗಯ್ಯ ಕೈಮುಗಿದಿದ್ದರು. ಮಕ್ಕಳು ಕುಣಿದಾಡಿದವು. ಮೋಹನ್‌ಕುಮಾರ ಫ್ಲೆಕ್ಸಿಗೆ ಬೆನ್ನು ತಿರುಗಿಸಿದ.

"ಸಾಕು, ಆಕಡೆ ಇರೋ ಬೋರ್ಡ್ ಓದ್ರಿ" ಎಂದ.

ಇಂಪನಾ ಆಗಲೇ ಕಂಬಿ ಹಿಡಿದು ಎದ್ದು ನಿಂತಿದ್ದಳು. "ಶುರು ಮಾಡಿದ್ನ ಅರ್ಧಕ್ಕ್ ಬುಡಬಾರ್ದು ಸಾ" ಎಂದು ಓದತೊಡಗಿದಳು. "ಹೆ-ಲಿ-ಕಾ... ಹೆಲಿಕಾಪ್ಟರ್ ಕಾ-ರ್ಖಾ-ನೆ-ಯ-ಲ್ಲಿ..." ಒತ್ತಕ್ಷರ ಬಂದಲ್ಲಿ ನಿಂತು, ಗಾಳಿಯಲ್ಲಿ ಬೆರಳಾಡಿಸಿ ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದಳು. ಹಾಗೆ ಬಿಡಿಸುವುದನ್ನು ಹಿಂದಿನ ವಾರವಷ್ಟೇ ಅವನು ಹೇಳಿಕೊಟ್ಟಿದ್ದ. "ಎಂಜಿನಿಯರ್ ಆಗಿ ಸೇವೆ ಸಲ್ಲಿಸುತ್ತಿರುವ, ಚೇಳೂರಿನ ಹೆಮ್ಮೆಯ ಸುಪುತ್ರ, ಮೋಹನ್‌ಕುಮಾರ್ ಅವರಿಗೆ ಹಾರ್ದಿಕ ಅಭಿನಂದನೆಗಳು."

ಅಷ್ಟು ಉದ್ದದ ಸಾಲನ್ನು ಅವಳು ಯಾರ ಸಹಾಯವೂ ಇಲ್ಲದೆ ಓದಿದ್ದು ಅದೇ ಮೊದಲು. ಬೇರೆ ಯಾವ ಸಾಲಾಗಿದ್ದರೂ ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ.

ಇಂಪನಾ ತಿರುಗಿದಳು. ಮುಖದಲ್ಲಿ ಗೆಲುವು ಇತ್ತು, ಆಮೇಲೆ ಓದಿದ್ದು ಅರ್ಥವಾಗತೊಡಗಿತು. "ಸಾ, ನೀವು ಎಂಜಿನಿಯರಾ? ನೀವೂ ಹೋಗ್ಬುಡ್ತೀರಾ?"

ಒಂಬತ್ತು ಮುಖಗಳೂ ಅವನನ್ನೇ ನೋಡುತ್ತಿದ್ದವು. ಮುಂದಿನ ಸೀಟಿನಲ್ಲಿ ಸುಂದರಮ್ಮನವರ ತಲೆ ಕಾಣುತ್ತಿತ್ತು. ಟೀ ಅಂಗಡಿಯ ಮುಂದೆ ನಿಂತವರು ಫ್ಲೆಕ್ಸನ್ನೂ ಆಟೋವನ್ನೂ ನೋಡುತ್ತಿದ್ದರು. "ಅಲ್ಲ" ಎಂದ. "ಅದು ನಾನಲ್ಲ. ನೀನು ತಪ್ಪು ಓದ್ದೆ."

"ನಿಮ್ ಹೆಸ್ರೇ ಐತಲ್ಲ ಸಾ."

"ಇಲ್ಲ ಅಂದ್ನಲ್ಲ. ತಪ್ಪು ಓದ್ದೆ ನೀನು. ಕೂತ್ಕೊ."

ಅವಳು ಕೂತಳು. ಬಸ್ಸು ಸರಿಯಿತು, ಆಟೋ ಹೊರಟಿತು. ಮುಂದಿನ ಬೋರ್ಡನ್ನು ಬೇರೆ ಮಕ್ಕಳು ಓದಿದವು.

ಗಟ್ಟಿ ಓದಿನ ಸರದಿ ಬಂದಾಗ ಇಂಪನಾ ಕೋಣೆಯ ನಡುವೆ ನಿಂತಳು. ತೀರ್ಪು ಕೊಡುವ ಶಿಕ್ಷಕಿ ಕೈಗೆ ಹಾಳೆ ಕೊಟ್ಟರು. ಆಮೆಯೊಂದರ ಚಿಕ್ಕ ಕಥೆ. ಶಾಲೆಯಲ್ಲಿ ಇಂಥದ್ದನ್ನು ಅವಳು ಒಂದೇ ಉಸಿರಿಗೆ ಓದುತ್ತಿದ್ದಳು. "ಒಂದು" ಎಂದು ನಿಲ್ಲಿಸಿದಳು. ಬಾಗಿಲಲ್ಲಿದ್ದ ಮೋಹನ್‌ಕುಮಾರನ ಕಡೆ ನೋಡಿದಳು. ಆಮೇಲೆ ಶಿಕ್ಷಕಿಗೆ ಹಾಳೆ ತೋರಿಸಿ, "ಮಿಸ್, ಇದು ಒಂದು ಅಂತಾನಾ?" ಎಂದಳು.

"ನೀನೇ ಓದ್ಬೇಕು ಪುಟ್ಟ."

"ಕೆರೆ" ಎಂದಳು. ಮತ್ತೆ ತಲೆ ಎತ್ತಿದಳು. "ಕೆರೆ ಅಂತಾನಾ ಮಿಸ್?" ಯಾರೋ ಕಿಸಕ್ಕೆಂದರು. ಮೂರನೆಯ ಪದಕ್ಕೆ ಬಾಯಿ ತೆರೆದಳು, ಮುಚ್ಚಿದಳು. ತುಟಿ ಮೊದಲಿನ ಹಾಗೆಯೇ ಬಿಗಿಯಿತು. ಆಮೇಲೆ ಅವಳು ಹಾಳೆಯನ್ನು ನೀಟಾಗಿ ಮಡಚಿ ಶಿಕ್ಷಕಿಗೆ ಕೊಟ್ಟು ಬಂದಳು.

"ಯಾಕವ್ವ?" ಎಂದ ಮೋಹನ್‌ಕುಮಾರ. ಉತ್ತರ ಗೊತ್ತಿದ್ದೂ ಕೇಳಿದ.

"ನಂಗ್ ಓದಕ್ ಬರಲ್ಲ ಸಾ. ಬೆಳಿಗ್ಗೆನೂ ತಪ್ಪಾಯ್ತಲ್ಲ."

ಊಟದ ಹೊತ್ತಿನಲ್ಲಿ ಸುಂದರಮ್ಮ ಅವನನ್ನು ನಲ್ಲಿಯ ಹತ್ತಿರ ಕರೆದರು. ದನಿ ಏರಿಸಲಿಲ್ಲ. "ಫ್ಲೆಕ್ಸು ನಾನೂ ನೋಡಿದೆ ಮೋಹನ್. ಊರಿಗೆ ಏನ್ ಹೇಳ್ಕೋತೀರೋ ಅದು ನಿಮ್ಮನೆ ವಿಷಯ, ನಾನು ಕೇಳಲ್ಲ. ಆದ್ರೆ ಸರಿಯಾಗಿ ಓದಿದ ಮಗೂಗೆ ತಪ್ಪು ಅಂದುಬಿಟ್ರಲ್ಲ." ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. "ಬಂದುಹೋದ ಮೇಷ್ಟ್ರುಗಳು ಯಾರೂ ಇದನ್ನ ಮಾಡಿರಲಿಲ್ಲ."

ಅವನು ತಟ್ಟೆಯನ್ನು ಪಕ್ಕಕ್ಕಿಟ್ಟ. ಚಾಪೆಯ ಮೇಲೆ ಕೂತದ್ದನ್ನು ಜನ ನೋಡಿದರೆ ಆಗುತ್ತಿದ್ದ ನಾಚಿಕೆಯೇ ದೊಡ್ಡದೆಂದು ಇಷ್ಟು ದಿನ ತಿಳಿದಿದ್ದ. ಅದೆಲ್ಲ ಮೈಮೇಲಿನ ದೂಳು. ಇದು ಒಳಗೆ ಇಳಿದಿತ್ತು. ವರ್ಷವೆಲ್ಲ ಕೂತು ಒಂದೊಂದೇ ಅಕ್ಷರವಾಗಿ ಕಟ್ಟಿದ್ದನ್ನು ತಾನೇ ಒಂದು ಮಾತಿನಲ್ಲಿ ಒದ್ದಿದ್ದ, ಅದೂ ಟೀ ಅಂಗಡಿಯ ಮುಂದೆ ನಿಂತ ಹ್ಯಾಪುಮೋರೆಗಳಿಗೆ ಹೆದರಿ.

ಹಬ್ಬ ಮುಗಿಯುವಷ್ಟರಲ್ಲಿ ಸಮಾರಂಭದ ಹೊತ್ತು ಹತ್ತಿರವಾಗಿತ್ತು. ಹೊಸ ಶರ್ಟು ಚೀಲದಲ್ಲೇ ಇತ್ತು. ಬಟ್ಟೆ ಬದಲಿಸಲು ಅವನು ಹೋಗಲಿಲ್ಲ, ಹೋಗುವುದಿಲ್ಲ ಎಂದೂ ನಿರ್ಧರಿಸಲಿಲ್ಲ. ಸುಮ್ಮನೆ ಮಕ್ಕಳ ಜೊತೆ ಆಟೋ ಹತ್ತಿದ. ನಿಲ್ದಾಣ ಬರುತ್ತಿದ್ದಂತೆ ದೂರದಿಂದಲೇ ಕಂಡಿತು. ಫ್ಲೆಕ್ಸಿನ ಕೆಳಗೆ ಬಿಳಿ ಪಂಚೆಯ ಪುಟ್ಟರಂಗಯ್ಯ ಕೈ ಎತ್ತಿ ಹೆಲಿಕಾಪ್ಟರನ್ನು ತೋರಿಸುತ್ತಿದ್ದರು. ಪಕ್ಕದಲ್ಲಿ ಬೆಟ್ಟಯ್ಯ ಕತ್ತು ಎತ್ತಿ ನೋಡುತ್ತಿದ್ದರು.

ಮೋಹನ್‌ಕುಮಾರ ಮೊದಲು ಮಾಡಿದ್ದು, ಹೇಳಲೂ ನಾಚಿಕೆಯಾಗಬೇಕು, ಮಕ್ಕಳ ನಡುವೆ ತಲೆ ತಗ್ಗಿಸಿ ಕುಗ್ಗಿ ಕೂತದ್ದು. ಹಾಗೆ ಕುಗ್ಗಿದಾಗ ಅವನ ಮುಖ ಇಂಪನಾಳ ಮುಖದ ಮಟ್ಟಕ್ಕೆ ಬಂತು. ಉಳಿದ ಮಕ್ಕಳು ಕಂಡ ಬೋರ್ಡನ್ನೆಲ್ಲ ಮತ್ತೆ ಕೂಗಿ ಓದುತ್ತಿದ್ದವು. ಇಂಪನಾ ಓದುತ್ತಿರಲಿಲ್ಲ. ಬೋರ್ಡುಗಳು ಕಾಣಬಾರದೆಂದು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದಳು.

"ಚನ್ನೇಶ, ನಿಲ್ಸಪ್ಪ" ಎಂದ.

ಅವಳ ಕೈ ಹಿಡಿದು ಇಳಿಸಿ ಫ್ಲೆಕ್ಸಿನ ಕಡೆ ನಡೆದ. ಪುಟ್ಟರಂಗಯ್ಯ ನೋಡಿದರು. "ಅಗೋ ಬಂದ ನಮ್ಮುಡ್ಗ" ಎಂದು ಬೆಟ್ಟಯ್ಯನವರಿಗೆ ಹೇಳಿ, ಹತ್ತಿರ ಬಂದ ಮೇಲೆ ದನಿ ತಗ್ಗಿಸಿದರು. "ಯಾವ್ದ್ಲಾ ಈ ಮಗು? ಬಟ್ಟೆ ಯಾಕ್ ಹಾಕ್ಕಂಡಿಲ್ಲ?"

"ನಮ್ ಸ್ಕೂಲ್ ಮಗು ಕಣಪ್ಪ" ಎಂದ. ಬೆಟ್ಟಯ್ಯನವರ ಹುಬ್ಬು ಮೇಲೇರಿತು. ಅವನು ಇಂಪನಾಳ ಕಡೆ ಬಗ್ಗಿದ. "ಇದ್ನ ಇನ್ನೊಂದ್ ಸಲ ಓದವ್ವ."

"ತಪ್ಪಾಯ್ತದೆ ಸಾ."

"ಆಗಲ್ಲ. ಓದು. ಬೆಳಿಗ್ಗೆ ಓದಿದಂಗೇ ಓದು."

ಅವಳು ಓದಿದಳು. ಮೊದಲು ಅವಳ ದನಿ ಅವಳಿಗೇ ಕೇಳುವಷ್ಟಿತ್ತು. ಪ್ರತಿ ಪದಕ್ಕೂ ಅವನ ಮುಖ ನೋಡುತ್ತಿದ್ದಳು, ಅವನು ಹೂಂ ಎನ್ನುತ್ತಿದ್ದ. ಎಂಜಿನಿಯರ್ ಎಂಬಲ್ಲಿ ನಿಂತಳು. ಹೂಂ ಎಂದ. ಸುಪುತ್ರ ಎಂಬಲ್ಲಿ ಟೀ ಅಂಗಡಿಯವರು ಹತ್ತಿರ ಬಂದಿದ್ದರು, ಒಬ್ಬ ಕಂಡಕ್ಟರು ಶೀಟಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ನಿಲ್ಲಿಸದೆ ಮೂಲೆಯವರೆಗೂ ಹೋದಳು. "ಶುಭ ಕೋರುವವರು, ಪುಟ್ಟರಂಗಯ್ಯ, ಚೇಳೂರು" ಎಂದು ಮುಗಿಸಿದಳು.

"ನೀನ್ ಓದಿದ್ದೆಲ್ಲ ಸರಿ ಕಣವ್ವ" ಎಂದ ಮೋಹನ್‌ಕುಮಾರ. "ಬೆಳಿಗ್ಗೆನೂ ಸರಿಯಾಗೇ ಓದಿದ್ದೆ. ನಾನೇ ಸುಳ್ಳ್ ಹೇಳ್ದೆ. ಅಲ್ಲಿ ಬರ್ದಿರೋದೂ ಸುಳ್ಳು. ನಾನು ಎಂಜಿನಿಯರ್ ಅಲ್ಲ. ತೊರೆಪಾಳ್ಯ ಸ್ಕೂಲ್ನಾಗೆ ಮೇಷ್ಟ್ರು. ಅದೂ ಅತಿಥಿ ಮೇಷ್ಟ್ರು."

ಬೆಟ್ಟಯ್ಯ ಆಟೋದ ಕಡೆ ನೋಡಿದರು. ಎಂಟು ಮಕ್ಕಳು ಕಂಬಿಯ ಮೇಲಿಂದ ಇಣುಕುತ್ತಿದ್ದವು. ಅವನ್ನು ಎಣಿಸಿ ನೋಡಿ ಕೇಳಿದರು, "ಕೈಕೆಳ್ಗೆ ಇಪ್ಪತ್ತಾರು ಜನ ಅವ್ರೆ ಅಂದ್ರಲ್ಲ. ಇವ್ರೇನಾ?"

"ಹೌದು. ಇವತ್ತು ಒಂಬತ್ತು ಜನ ಬಂದವ್ರೆ."

ಬೆಟ್ಟಯ್ಯ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನನ್ ಮಗ್ಳು ಹೇಳಿದ್ಲು, ಆ ಹುಡ್ಗ ಸುಳ್ಳ್ ಹೇಳೋ ಮುಖ ಅಲ್ಲ ಅಂತ" ಎಂದರು. ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಕುಣಿಗಲ್ ಕಡೆ ಹೋಗುವ ಬಸ್ಸು ವಿಚಾರಿಸಲು ಹೋದರು. ಹಿಂದೆ ತಿರುಗಿ ನೋಡಲಿಲ್ಲ.

ಪುಟ್ಟರಂಗಯ್ಯ ಫ್ಲೆಕ್ಸಿನ ಬಿದಿರಿಗೆ ಒರಗಿಕೊಂಡರು. ಅವರ ತಲೆಯ ಮೇಲೆ ಅವರೇ ಪೇಟ ಸುತ್ತಿ ಕೈಮುಗಿದು ನಗುತ್ತಿದ್ದರು. "ಮರ್ವಾದೆ ಕಳ್ದಲ್ಲೋ" ಎಂದರು. ಸಿಟ್ಟಿನ ದನಿಯಲ್ಲ. ಮಗನಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ಅಪ್ಪ ಹೇಳಿದ ಸುಳ್ಳಿಗೆ ಬೀಜ ಹಾಕಿದವನು ತಾನೇ ಎಂಬುದು ಅವನಿಗೆ ಮರೆತಿರಲಿಲ್ಲ.

ಇಂಪನಾ ಅವನ ಬೆರಳು ಎಳೆದಳು. "ಬೆಳಿಗ್ಗೆ ಯಾಕೆ ಸುಳ್ಳ್ ಹೇಳಿದ್ರಿ ಸಾ?"

"ನಾಚ್ಕೆ ಆಯ್ತು ಕಣವ್ವ."

"ಯಾಕೆ?"

"ಒಂದ್ನೇ ಕ್ಲಾಸು ಎರಡ್ನೇ ಕ್ಲಾಸಿನ್ ಮೇಷ್ಟ್ರು ಅಂತ ಹೇಳ್ಕಳಕ್ಕೆ."

ಇಂಪನಾ ಆಟೋದಲ್ಲಿದ್ದ ಮಕ್ಕಳನ್ನು ನೋಡಿದಳು. ತನ್ನ ಮಾಸಿದ ಯೂನಿಫಾರಂ ನೋಡಿಕೊಂಡಳು. ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳಲು ಹೋಗಿ, ನಿಲ್ಲಿಸಿ, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ನಮ್ಮಿಂದಾನಾ ಸಾ?" ಎಂದಳು.

ಹೇಳಿ ಮುಗಿಸಿದೆ, ಇನ್ನು ನಾಚಿಕೆ ಪಡುವುದಕ್ಕೆ ಏನೂ ಉಳಿದಿಲ್ಲ ಎಂದುಕೊಂಡಿದ್ದ. ಉಳಿದಿತ್ತು. ಅಲ್ಲೇ ನೆಲದ ಮೇಲೆ, ಎಲೆಯಡಿಕೆ ಉಗಿದ ಕಲೆಗಳ ನಡುವೆ, ಚಕ್ಕಂಬಕ್ಕಳ ಹಾಕಿ ಕೂತ. ಅವಳ ಕೈಯನ್ನು ಬೆನ್ನ ಹಿಂದಿನಿಂದ ತೆಗೆದು ಹಿಡಿದುಕೊಂಡ. "ನಿಮ್ಮಿಂದ ಅಲ್ಲ ಕಣವ್ವ" ಎಂದ. "ನಿಮ್ಮಿಂದ ಅಲ್ಲ."

"ಏಳ್ಲಾ ಮ್ಯಾಕೆ, ಜನ ನೋಡ್ತಾವ್ರೆ" ಎಂದರು ಪುಟ್ಟರಂಗಯ್ಯ.

ಆಗ ಹಿಂದಿನಿಂದ ಒಂದು ಬೈಕು ಸದ್ದು ಮಾಡುತ್ತ ಬಂತು. ಆಟೋದಲ್ಲಿದ್ದ ಎಂಟು ಮಕ್ಕಳೂ ಅಭ್ಯಾಸದಂತೆ ಎದ್ದು ನಿಂತವು. ಇಂಪನಾ ಮೇಷ್ಟ್ರ ಕಡೆ ನೋಡಿದಳು, ಅವನು ಏಳುತ್ತಾನೆಂದು ಕಾದಳು. ಬೈಕು ಪಕ್ಕದಲ್ಲೇ ಹಾದು ಹೋಯಿತು. ಅವನು ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿ, ಅವಳೂ ಅವನ ಪಕ್ಕದಲ್ಲಿ ಕೂತಳು.